ಎರಡು ಕಚ್ಚುಗಳಿಗೆ ಇಪ್ಪತ್ತಮೂರು ವರ್ಷ

ಎಲೆಕ್ಟ್ರಿಕ್ ಗಿಟಾರಿನ ಸ್ವಿಚ್ ಬದಲಾಯಿಸುವುದು ಅಂಥ ದೊಡ್ಡ ಕೆಲಸವೇನಲ್ಲ. ತಂತಿಗಳನ್ನು ಸಡಿಲಿಸಿ ತೆಗೆದು, ಮುಂಭಾಗದ ಪ್ಲಾಸ್ಟಿಕ್ ಫಲಕದ ಸ್ಕ್ರೂಗಳನ್ನು ಬಿಚ್ಚಿ, ಫಲಕವನ್ನು ಮಗುಚಿ ಹಾಕಿದರೆ ಒಳಗಿನ ಸಂಸಾರವೆಲ್ಲ ಕಣ್ಣೆದುರಿಗೆ ಬರುತ್ತದೆ. ಹಳೆಯ ಸ್ವಿಚ್ಚಿನ ಎಂಟು ಕಿವಿಗಳಿಗೆ ಯಾವ ಯಾವ ವೈರು ಬಂದಿದೆ ಎಂದು ಒಂದು ಫೋಟೊ ತೆಗೆದುಕೊಂಡು, ಬೆಸುಗೆ ಕರಗಿಸಿ ಬಿಡಿಸಿ, ಹೊಸದರ ಎಂಟು ಕಿವಿಗಳಿಗೆ ಅದೇ ಕ್ರಮದಲ್ಲಿ ಬೆಸೆದರಾಯಿತು. ಕೈ ಪಳಗಿದವರಿಗೆ ಅರ್ಧ ಗಂಟೆ. ಆದರೆ ಮೇಜಿನ ಮೇಲೆ ಮಲಗಿರುವುದು 1950ರ ದಶಕದ ಫೆಂಡರ್ ಸ್ಟ್ರಾಟೊಕಾಸ್ಟರ್ ಆಗಿದ್ದರೆ, ಅನುಭವಸ್ಥ ರಿಪೇರಿಯವರು ಬೆಸುಗೆ ಕಡ್ಡಿಯನ್ನು ಬಿಸಿಗಿಡುವ ಮೊದಲು ಮಾಲೀಕರನ್ನು ಎರಡೆರಡು ಸಲ ಕೇಳುತ್ತಾರೆ: ನಿಜವಾಗಿಯೂ ತೆಗೆಯಲೇ?

ಆ ಹಿಂಜರಿಕೆಗೆ ಕಾರಣ ಬೆರಳುದ್ದದ ಒಂದು ಸ್ವಿಚ್ಚು. ಅದಕ್ಕಿರಬೇಕಾದದ್ದು ಮೂರು ಸ್ಥಾನವೋ ಐದೋ ಎಂಬುದನ್ನು ತೀರ್ಮಾನಿಸಲು ಅದನ್ನು ಮಾಡಿದ ಕಾರ್ಖಾನೆಗೆ 1954ರಿಂದ 1977ರವರೆಗೆ ಹಿಡಿಯಿತು. ನುಡಿಸುವವರಿಗೆ ಉತ್ತರ ಅದಕ್ಕೆ ಎಷ್ಟೋ ಮೊದಲೇ ಗೊತ್ತಿತ್ತು.

ಮೊದಲು ಸ್ವಿಚ್ಚಿನ ಕೆಲಸವೇನೆಂದು ನೋಡಬೇಕು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಸಾಧನ ಇರುತ್ತದೆ. ಸಾಲಾಗಿ ನಿಲ್ಲಿಸಿದ ಆರು ಪುಟ್ಟ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ತಲೆಗೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸುಮಾರು 8,000 ಸುತ್ತು. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಪಿಕಪ್ ಎಲ್ಲಿ ಕೂತಿದೆ ಎಂಬುದರ ಮೇಲೆ ನಾದ ಬದಲಾಗುತ್ತದೆ. ವೀಣೆ ನುಡಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುದುರೆಯ ಹತ್ತಿರ ಮೀಟಿದರೆ ಚೂಪು, ದೂರ ಸರಿದಂತೆ ಮೆದು. ಗಿಟಾರಿನಲ್ಲೂ ಕುದುರೆಯ ಬಳಿಯ ಪಿಕಪ್ಪಿಗೆ ಹರಿತ ಹೆಚ್ಚು, ಕುತ್ತಿಗೆಯ ಬಳಿಯದಕ್ಕೆ ದುಂಡು ಹೆಚ್ಚು. ಸ್ಟ್ರಾಟೊಕಾಸ್ಟರಿನಲ್ಲಿ ಇಂಥವು ಮೂರು. ಯಾವುದು ಮಾತಾಡಬೇಕು, ಯಾವುದು ಸುಮ್ಮನಿರಬೇಕು ಎಂದು ನಿರ್ಧರಿಸುವುದೇ ಸ್ವಿಚ್ಚು.

ಈ ಗಿಟಾರನ್ನು ಮಾಡಿದ ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟದವರ ಮಗ, ಓದಿದ್ದು ಲೆಕ್ಕಪತ್ರ, 1938ರಲ್ಲಿ ಫುಲರ್ಟನ್ ಊರಿನಲ್ಲಿ ತೆರೆದದ್ದು ರೇಡಿಯೊ ರಿಪೇರಿ ಅಂಗಡಿ. ಅಲ್ಲಿಗೆ ರಿಪೇರಿಗೆ ಬರುತ್ತಿದ್ದ ಸಂಗೀತಗಾರರ ಆಂಪ್ಲಿಫೈಯರುಗಳಿಂದ ಶುರುವಾದ ನಂಟು ಅವರನ್ನು ವಾದ್ಯ ತಯಾರಿಕೆಯವರೆಗೆ ಒಯ್ದಿತು. ಗಿಟಾರನ್ನು ಅವರು ಕಂಡದ್ದು ರೇಡಿಯೊ ಮೆಕ್ಯಾನಿಕ್‌ನ ಕಣ್ಣಿನಿಂದ. ಕುತ್ತಿಗೆ ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆಯದು ಹಾಕು, ವಿದ್ಯುತ್ ಭಾಗ ಕೆಟ್ಟರೆ ಫಲಕ ತೆಗೆದು ಬದಲಿಸು. ಮರಗೆಲಸದ ಕಸಬುದಾರರು ಮೂಗು ಮುರಿಯುವಂಥ ಈ ಯೋಚನೆಯಿಂದಲೇ ಅವರ ಗಿಟಾರುಗಳು ಇವತ್ತಿಗೂ ಬಿಚ್ಚಿ ಜೋಡಿಸಲು ಸುಲಭ.

ಸ್ವಿಚ್ಚೂ ರೇಡಿಯೊ ಲೋಕದಿಂದಲೇ ಬಂತು. ಹಳೆಯ ವಾಲ್ವ್ ರೇಡಿಯೊ ಇದ್ದ ಮನೆಗಳಲ್ಲಿ ಬೆಳೆದವರಿಗೆ ಬ್ಯಾಂಡ್ ಬದಲಿಸುವ ತಿರುಗುಗುಂಡಿ ನೆನಪಿರಬಹುದು. ಮೀಡಿಯಂ ವೇವ್‌ನ ಧಾರವಾಡದಿಂದ ಶಾರ್ಟ್ ವೇವ್‌ನ ಸಿಲೋನಿಗೆ ಹೋಗಬೇಕಾದರೆ ಅದನ್ನು ಟಕ್ ಎಂದು ತಿರುಗಿಸಬೇಕಿತ್ತು. ಅದರ ಒಳಗೊಂದು ಕಂದು ಬಣ್ಣದ ಗಟ್ಟಿ ತಗಡು, ತಗಡಿನ ಮೇಲೆ ಲೋಹದ ನಾಲಿಗೆಗಳು, ನಾಲಿಗೆಗಳ ಮೇಲೆ ಜಾರುವ ಇನ್ನೊಂದು ಲೋಹದ ತುಣುಕು. ಇಂಥ ಬಿಡಿಭಾಗಗಳನ್ನು ಮಾಡುತ್ತಿದ್ದ ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ಮಿಲ್ವಾಕಿ ನಗರದ ಸೆಂಟ್ರಲ್ಯಾಬ್ ಒಂದು. ತಿರುಗುಗುಂಡಿಯ ಬದಲು ಅತ್ತಿತ್ತ ವಾಲಿಸುವ ಸನ್ನೆಯಿದ್ದ, ಮೂರು ಸ್ಥಾನದ ಒಂದು ಸ್ವಿಚ್ಚನ್ನೂ ಅದು ತಯಾರಿಸುತ್ತಿತ್ತು. ಫೆಂಡರ್ ಗಿಟಾರುಗಳೊಳಗೆ ಸೇರಿಕೊಂಡದ್ದು ಅದೇ. ಅದರ ಮೈಮೇಲೆ ಒತ್ತಿದ ಸಿಆರ್‌ಎಲ್ 1452 ಎಂಬ ಗುರುತು ಹಳೆ ಗಿಟಾರು ಸಂಗ್ರಾಹಕರ ನಾಲಿಗೆಯ ಮೇಲೆ ಮನೆದೇವರ ಹೆಸರಿನಂತೆ ಓಡಾಡುತ್ತದೆ.

ಸ್ಟ್ರಾಟೊಕಾಸ್ಟರ್‌ಗಿಂತ ಮುಂಚೆಯೇ, 1950ರಲ್ಲಿ ಬ್ರಾಡ್‌ಕಾಸ್ಟರ್ ಎಂಬ ಹೆಸರಿನಲ್ಲಿ ಹುಟ್ಟಿ ಮರುವರ್ಷ ಟೆಲಿಕಾಸ್ಟರ್ ಎಂದು ಮರುನಾಮಕರಣಗೊಂಡ ಗಿಟಾರಿನಲ್ಲಿ ಈ ಬಗೆಯ ಸ್ವಿಚ್ಚಿತ್ತು. ಅದರ ವೈರಿಂಗ್ ಇವತ್ತಿನವರಿಗೆ ವಿಚಿತ್ರವೆನಿಸುತ್ತದೆ. ಎರಡೇ ಪಿಕಪ್, ಸ್ವಿಚ್ಚಿಗೆ ಮೂರು ಸ್ಥಾನ. ಈಗ ಯಾರೇ ಮಾಡಿದರೂ ಒಂದು, ಎರಡೂ ಒಟ್ಟಿಗೆ, ಇನ್ನೊಂದು ಎಂದು ಜೋಡಿಸುತ್ತಾರೆ. 1952ರಿಂದ 1967ರವರೆಗಿನ ಟೆಲಿಕಾಸ್ಟರಿನಲ್ಲಿ ಹಾಗಿರಲಿಲ್ಲ. ಹಿಂದಿನ ಸ್ಥಾನದಲ್ಲಿ ಕುದುರೆಯ ಪಿಕಪ್, ನಡುವಿನಲ್ಲಿ ಕುತ್ತಿಗೆಯ ಪಿಕಪ್, ಮುಂದಿನದರಲ್ಲಿ ಮತ್ತೆ ಕುತ್ತಿಗೆಯ ಪಿಕಪ್ಪೇ, ಆದರೆ ಕೆಪ್ಯಾಸಿಟರ್ ಒಂದರ ಮೂಲಕ ಹಾಯಿಸಿ ಮೇಲಿನ ಸ್ವರಾಂಶಗಳನ್ನೆಲ್ಲ ಕತ್ತರಿಸಿ, ಕಂಬಳಿ ಹೊದಿಸಿದಂತೆ ಮಂಕಾಗಿಸಿ. ಎರಡೂ ಪಿಕಪ್ ಒಟ್ಟಿಗೆ ನುಡಿಯುವ ಸ್ಥಾನವೇ ಇಲ್ಲ. ಹದಿನೈದು ವರ್ಷ!

ಇದನ್ನು ದಡ್ಡತನ ಎನ್ನಲಾಗದು. ಲಿಯೊ ಪಾಲಿಗೆ ಸ್ವಿಚ್ಚೆಂದರೆ ಪಾತ್ರ ಬದಲಿಸುವ ಸಾಧನ. ನೃತ್ಯಗೃಹಗಳಲ್ಲಿ ನುಡಿಸುವ ಹಳ್ಳಿಗಾಡಿನ ಸಂಗೀತಗಾರನಿಗೆ ಒಂದು ಹಾಡಿನಲ್ಲಿ ಮುಮ್ಮೇಳ, ಇನ್ನೊಂದರಲ್ಲಿ ತಾಳದ ಹಿಮ್ಮೇಳ, ಮತ್ತೊಂದರಲ್ಲಿ ಮಂದ್ರದ ಗುಂಯ್ಗುಡುವಿಕೆ ಬೇಕು. ಮೂರು ಪಾತ್ರಕ್ಕೆ ಮೂರು ಸ್ಥಾನ. ಬೆರಕೆ ನಾದದ ಕಲ್ಪನೆ ಆಗ ಯಾರಿಗೂ ಇರಲಿಲ್ಲ ಎಂದೂ ಅಲ್ಲ. ಪ್ರತಿಸ್ಪರ್ಧಿ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿನಲ್ಲಿ 1952ರಿಂದಲೇ ನಡುವಿನ ಸ್ಥಾನ ಎರಡೂ ಪಿಕಪ್‌ಗಳನ್ನು ಒಟ್ಟಿಗೆ ಕೊಡುತ್ತಿತ್ತು. 1955ರಲ್ಲಿ ಅದೇ ಕಂಪನಿ ಮೂರು ಪಿಕಪ್, ನಾಲ್ಕು ಸ್ಥಾನದ ಸ್ವಿಚ್ಚಿನ ಗಿಟಾರನ್ನು ತಂದು ಅದಕ್ಕೆ ಸ್ವಿಚ್‌ಮಾಸ್ಟರ್ ಎಂದೇ ಹೆಸರಿಟ್ಟಿತು. ಸ್ವಿಚ್ಚೇ ಗಿಟಾರಿನ ಹೆಸರಾಗುವ ಕಾಲ ಅದು.

1954ರಲ್ಲಿ ಸ್ಟ್ರಾಟೊಕಾಸ್ಟರ್ ಬಂತು. ಎದೆಗೂ ಪಕ್ಕೆಗೂ ಒತ್ತದಂತೆ ಕೆತ್ತಿದ ಮೈ, ಸ್ವರವನ್ನು ತೂಗಾಡಿಸುವ ಕಂಬಿ, ಮೂರು ಪಿಕಪ್. ಕಂಬಿ ಸಮೇತ ಬೆಲೆ 249 ಡಾಲರ್ 50 ಸೆಂಟ್. ಇಷ್ಟೆಲ್ಲ ಹೊಸತನದ ನಡುವೆ ಸ್ವಿಚ್ಚು ಮಾತ್ರ ಅದೇ ಹಳೆಯದು. ಪಿಕಪ್ ಮೂರು, ಸ್ಥಾನ ಮೂರು, ಲೆಕ್ಕ ಸರಿಹೋಯಿತು. ಕುತ್ತಿಗೆಯದಕ್ಕೂ ನಡುವಿನದಕ್ಕೂ ಒಂದೊಂದು ಟೋನ್ ಗುಂಡಿ, ಕುದುರೆಯದಕ್ಕೆ ಅದೂ ಇಲ್ಲ. ಒಂದು ಸಲಕ್ಕೆ ಒಂದೇ ದನಿ.

ಈ ಏರ್ಪಾಡಿಗೆ ಒಳಗಿನಿಂದಲೇ ಒಂದು ಬಿರುಕಿತ್ತು.

ಸನ್ನೆ ವಾಲಿದಾಗ ತಾನಾಗಿ ಜಾರದೆ ಒಂದು ಕಡೆ ನಿಲ್ಲಬೇಕಲ್ಲ? ಅದಕ್ಕಾಗಿ ಸನ್ನೆಯ ಜೊತೆಗಿನ ಲೋಹದ ಅಂಚಿನಲ್ಲಿ ಮೂರು ಕಚ್ಚುಗಳಿರುತ್ತವೆ, ಬಡಗಿಗಳು ತೊಲೆಯಲ್ಲಿ ಹಾಕುವ ಕಚ್ಚಿನ ಹಾಗೆ. ಸ್ಪ್ರಿಂಗಿನ ಬಲದಿಂದ ಸನ್ನೆ ಒಂದಲ್ಲ ಒಂದು ಕಚ್ಚಿಗೆ ಬಿದ್ದು ಕೂರುತ್ತದೆ. ಇದು ಮೇಲಿನ ಕತೆ. ಕೆಳಗೆ, ವಿದ್ಯುತ್ತಿನ ಕತೆಯೇ ಬೇರೆ. ಜಾರುವ ಲೋಹದ ತುಣುಕು ಒಂದು ನಾಲಿಗೆಯನ್ನು ಬಿಡುವ ಮೊದಲೇ ಮುಂದಿನದನ್ನು ಮುಟ್ಟುವಷ್ಟು ಅಗಲವಾಗಿತ್ತು. ಸ್ವಿಚ್ಚಿನಲ್ಲಿ ಇದೊಂದು ಮಾಮೂಲು ಜಾಣ್ಮೆ. ಹಾಗಿಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕ್ಷಣಕಾಲ ಸದ್ದು ಕಡಿದು ಪಟ್ ಎನ್ನುತ್ತದೆ. ಆ ಪಟ್ ಸದ್ದನ್ನು ತಪ್ಪಿಸುವ ಅಗಲವೇ, ದಾಟುವ ಹಾದಿಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು, ಎರಡು ಪಿಕಪ್‌ಗಳನ್ನು ಒಟ್ಟಿಗೆ ನುಡಿಸಿಬಿಡುತ್ತಿತ್ತು.

ನುಡಿಸುವವರ ಕಿವಿ ಅದನ್ನು ಹಿಡಿಯಿತು. ಸನ್ನೆಯನ್ನು ಕಚ್ಚಿಗೆ ಬೀಳಗೊಡದೆ, ಎರಡರ ನಡುವಿನ ದಿಣ್ಣೆಯ ಮೇಲೆ ಹುಷಾರಾಗಿ ನಿಲ್ಲಿಸಿದರೆ ಇನ್ನೆಲ್ಲೂ ಸಿಗದ ಒಂದು ನಾದ. ಸ್ವರ್ಗಕ್ಕೂ ಸೇರದ ಭೂಮಿಗೂ ಬೀಳದ ತ್ರಿಶಂಕುವಿನ ಸ್ಥಿತಿ ಸನ್ನೆಯದು. ತ್ರಿಶಂಕುವನ್ನು ನಡುವೆ ನಿಲ್ಲಿಸಲು ವಿಶ್ವಾಮಿತ್ರನ ತಪಸ್ಸು ಬೇಕಾಯಿತು. ಇಲ್ಲಿ ಬೆಂಕಿಕಡ್ಡಿ ಸಾಕಾಯಿತು. ಸೀಳಿನೊಳಗೆ ಕಡ್ಡಿಯ ಚೂರು ಸಿಕ್ಕಿಸುವವರು, ಟೇಪು ಸುತ್ತುವವರು, ಸ್ಪ್ರಿಂಗನ್ನು ಸಡಿಲ ಮಾಡಿ ಸನ್ನೆ ಎಲ್ಲೆಂದರಲ್ಲಿ ನಿಲ್ಲುವಂತೆ ಮಾಡಿಕೊಳ್ಳುವವರು, ಧೈರ್ಯವಿದ್ದರೆ ಅರ ಹಿಡಿದು ತಾವೇ ಕಚ್ಚು ಕೊರೆದುಕೊಳ್ಳುವವರು. ವೇದಿಕೆಯ ಮೇಲೆ ಕೈ ತಗುಲಿ ಸನ್ನೆ ಟಕ್ಕನೆ ಕಚ್ಚಿಗೆ ಬಿದ್ದರೆ ಹಾಡಿನ ಮಧ್ಯೆ ದನಿಯೇ ಬದಲಾಗಿಬಿಡುತ್ತಿತ್ತು.

ಆ ನಾದ ಹೇಗಿರುತ್ತದೆ? ಇಂಗ್ಲಿಷಿನವರು ಬಾತುಕೋಳಿಯ ಕೂಗಿನಿಂದ ಎರವಲು ತಂದು ಕ್ವಾಕ್ ಎನ್ನುತ್ತಾರೆ. ಅನುಕರಣಾವ್ಯಯಗಳಿಗೆ ಬರವೇ ಇಲ್ಲದ ಕನ್ನಡದಲ್ಲಿ ಹುಡುಕಿದರೆ ಟಣ್ ಎಂಬುದಕ್ಕೂ ಟೊಕ್ ಎಂಬುದಕ್ಕೂ ನಡುವೆ ಎಲ್ಲೋ ಬೀಳುತ್ತದೆ: ಗಾಜಿನಂತೆ ತಿಳಿ, ಒಳಗೆ ಸ್ವಲ್ಪ ಟೊಳ್ಳು, ಮೂಗಿನಿಂದ ಬಂದಂತೆ. ಕಾರಣ ಸರಳ. ಕಂಪಿಸುವ ತಂತಿ ಒಂದೇ ಅಲೆಯಾಗಿ ಆಡುವುದಿಲ್ಲ. ಮೂಲ ಸ್ವರದ ಜೊತೆಗೆ ಎರಡು ಪಾಲಾಗಿ, ಮೂರು ಪಾಲಾಗಿ, ಹತ್ತು ಪಾಲಾಗಿ ಏಕಕಾಲಕ್ಕೆ ಆಡುತ್ತಿರುತ್ತದೆ. ಎರಡು ಪಿಕಪ್‌ಗಳು ತಂತಿಯ ಎರಡು ಬೇರೆ ಜಾಗಗಳಲ್ಲಿ ಕಿವಿಗೊಟ್ಟಿರುವುದರಿಂದ, ಕೆಲವು ಮೇಲಿನ ಸ್ವರಾಂಶಗಳಲ್ಲಿ ಒಂದು ಜಾಗದ ತಂತಿ ಮೇಲೇರುವಾಗ ಇನ್ನೊಂದು ಜಾಗದ್ದು ಕೆಳಗಿಳಿಯುತ್ತಿರುತ್ತದೆ. ಅವು ಒಂದನ್ನೊಂದು ಅಳಿಸಿಹಾಕುತ್ತವೆ. ಮೂಲ ಸ್ವರಕ್ಕೆ ಏನೂ ಆಗುವುದಿಲ್ಲ, ಮೇಲಿನ ಸ್ವರಾಂಶಗಳಲ್ಲಿ ಮಾತ್ರ ಅಲ್ಲಲ್ಲಿ ಕಿಂಡಿ ಬೀಳುತ್ತದೆ. ಆ ಕಿಂಡಿಗಳೇ ಟೊಳ್ಳುತನ.

ಇದಕ್ಕೆ ವಾದಕರು ಇಟ್ಟ ಹೆಸರು ಔಟ್ ಆಫ್ ಫೇಸ್. ತಪ್ಪು ಹೆಸರು. ಎರಡು ಪಿಕಪ್‌ಗಳು ವಿದ್ಯುತ್ತಿನ ಲೆಕ್ಕದಲ್ಲಿ ನಿಜವಾಗಿಯೂ ಎದುರುಬದುರಾಗಿದ್ದರೆ ಮೂಲ ಸ್ವರವೇ ಅರೆಬರೆಯಾಗಿ ಅಳಿದು ದನಿ ಸಣಕಲಾಗುತ್ತದೆ. ಇಂಗ್ಲೆಂಡಿನ ಪೀಟರ್ ಗ್ರೀನ್ ಅವರ ಲೆಸ್ ಪಾಲ್ ಗಿಟಾರಿನ ಒಂದು ಪಿಕಪ್ಪಿನ ಅಯಸ್ಕಾಂತ ತಿರುಗುಮುರುಗಾಗಿದ್ದುದರಿಂದ ಬಂದ ಪ್ರಸಿದ್ಧ ನಾದ ಆ ಜಾತಿಯದು. ಸ್ಟ್ರಾಟೊಕಾಸ್ಟರಿನ ಪಿಕಪ್‌ಗಳು ಒಂದೇ ಕಡೆ ಮುಖ ಮಾಡಿದವು. ಆದರೂ ಹೆಸರು ನಿಂತುಬಿಟ್ಟಿತು. ಕನ್ನಡ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇದು ಅನ್ವರ್ಥನಾಮವಲ್ಲ, ಬರೀ ರೂಢನಾಮ. ಈ ಗಿಟಾರಿನ ಮಟ್ಟಿಗೆ ತಪ್ಪು ಹೆಸರಿನ ಚಾಳಿ ಯಜಮಾನನಿಂದಲೇ ಶುರುವಾದದ್ದು. ಸ್ವರದ ಎತ್ತರವನ್ನು ಅಲುಗಿಸುವ ಕಂಬಿಗೆ ಸಲ್ಲಬೇಕಾದ ಹೆಸರು ವೈಬ್ರಾಟೊ. ಲಿಯೊ 1956ರಲ್ಲಿ ಪಡೆದ ಪೇಟೆಂಟಿನಲ್ಲೇ ಅದನ್ನು ಟ್ರೆಮೊಲೊ ಎಂದು ಕರೆದಿದ್ದಾರೆ, ಜಗತ್ತು ಈಗಲೂ ಹಾಗೇ ಕರೆಯುತ್ತಿದೆ.

ಈ ಕಳ್ಳನಾದದ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಎರಿಕ್ ಕ್ಲಾಪ್ಟನ್ 1967ರಲ್ಲಿ ಲಂಡನ್ನಿನಲ್ಲಿ 1956ರ ಸ್ಟ್ರಾಟೊಕಾಸ್ಟರ್ ಒಂದನ್ನು ಕೊಂಡರು. ಬ್ರೌನಿ ಎಂದು ಹೆಸರಾದ ಅದನ್ನೇ 1970ರ ಲೈಲಾ ಆಲ್ಬಮ್ಮಿನಲ್ಲಿ ನುಡಿಸಿದರು. ಸ್ವಿಚ್ಚನ್ನು ಎರಡು ಪಿಕಪ್‌ಗಳ ನಡುವಿನ ಒಂದು ಸಣ್ಣ ಜಾಗದಲ್ಲಿ ನಿಲ್ಲಿಸುತ್ತೇನೆ, ಅಲ್ಲೊಂದು ವಿಶೇಷ ನಾದವಿದೆ ಎಂಬರ್ಥದ ಮಾತನ್ನು ಆ ಹೊತ್ತಿನ ಸಂದರ್ಶನವೊಂದರಲ್ಲಿ ಹೇಳಿಯೂಬಿಟ್ಟರು. ಕ್ಲಾಪ್ಟನ್ ಬಾಯಲ್ಲಿ ಬಂದ ಮೇಲೆ ಗುಟ್ಟು ಗುಟ್ಟಾಗಿ ಉಳಿಯುವುದುಂಟೆ?

ಇಷ್ಟಾದರೂ ಕಾರ್ಖಾನೆ ಮಾತ್ರ ಅಲುಗಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಈ ಕತೆಯ ವ್ಯಂಗ್ಯ ಪೂರ್ತಿಯಾಗುವುದಿಲ್ಲ. ಮೂರು ಸ್ಥಾನದ ಸ್ವಿಚ್ಚಿಗೂ ಮುಂದೆ ಬಂದ ಐದು ಸ್ಥಾನದ ಸ್ವಿಚ್ಚಿಗೂ ವಿದ್ಯುತ್ತಿನ ಲೆಕ್ಕದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಅದೇ ತಗಡು, ಅದೇ ನಾಲಿಗೆಗಳು, ಅದೇ ಎಂಟು ಕಿವಿ. ಐದರಲ್ಲಿ ಇರುವುದು ಲೋಹದ ಅಂಚಿನ ಮೇಲೆ ಹೆಚ್ಚಿನ ಎರಡು ಕಚ್ಚು, ಅಷ್ಟೇ. ಹೊಸ ವೈರು ಬೇಡ, ಹೊಸ ನಕ್ಷೆ ಬೇಡ. ಫಲಕದ ಸೀಳನ್ನು ಸಹ ಉದ್ದ ಮಾಡಬೇಕಿಲ್ಲ. ಎರಡು ಕಚ್ಚು!

ತಡವಾದದ್ದೇಕೆ? ಲಿಯೊ ಹಟಮಾರಿಯಾಗಿದ್ದರು ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಗಿಟಾರ್ ನುಡಿಸಲು ಬಾರದ ಈ ಮನುಷ್ಯ ನುಡಿಸುವವರ ಮಾತನ್ನು ಕೇಳಿದಷ್ಟು ಬೇರೆ ತಯಾರಕರು ಕೇಳಿದ್ದು ಕಡಿಮೆ. ಮಾದರಿ ಗಿಟಾರುಗಳನ್ನು ಕ್ಲಬ್ಬಿನ ವಾದಕರ ಕೈಗೆ ಕೊಟ್ಟು, ಬಂದ ದೂರುಗಳನ್ನು ಪಟ್ಟಿ ಮಾಡಿಕೊಂಡು ತಿದ್ದುತ್ತಿದ್ದವರು ಅವರು. ಕಷ್ಟವೆಂದರೆ, ಬೆಂಕಿಕಡ್ಡಿ ಸಿಕ್ಕಿಸಿಕೊಂಡವರು ದೂರು ಕೊಡುವುದಿಲ್ಲ. ಅವರ ಸಮಸ್ಯೆ ಬಗೆಹರಿದಿರುತ್ತದೆ. ಜೊತೆಗೆ 1950ರ ದಶಕದ ವಾದಕರ ಬೇಡಿಕೆಯೇ ಬೇರೆ. ಬ್ಲೂಸ್ ಮತ್ತು ರಾಕ್‌ನವರು ಈ ಗಿಟಾರನ್ನು ತಮ್ಮದು ಮಾಡಿಕೊಳ್ಳುವ ಹೊತ್ತಿಗೆ ಲಿಯೊ ಅಲ್ಲಿರಲೇ ಇಲ್ಲ. ಆರೋಗ್ಯ ಕೆಟ್ಟು, 1965ರ ಜನವರಿಯಲ್ಲಿ ಕಂಪನಿಯನ್ನು 1 ಕೋಟಿ 30 ಲಕ್ಷ ಡಾಲರಿಗೆ ಸಿಬಿಎಸ್ ಸಂಸ್ಥೆಗೆ ಮಾರಿಬಿಟ್ಟಿದ್ದರು. ಪ್ರಸಾರದ ದೊಡ್ಡ ಸಂಸ್ಥೆಯೊಂದರ ಲೆಕ್ಕಪುಸ್ತಕದಲ್ಲಿ ಗಿಟಾರಿನ ಕಚ್ಚು ಯಾವ ಪುಟದಲ್ಲಿ ಬರಬೇಕು?

ಕೊನೆಗೆ ದಾರಿ ತೋರಿಸಿದ್ದು ಸಣ್ಣವರು. 1970ರ ದಶಕದಲ್ಲಿ ಅಮೆರಿಕದಲ್ಲಿ ಗಿಟಾರಿನ ಬದಲಿ ಬಿಡಿಭಾಗಗಳನ್ನೇ ಮಾರುವ ಪುಟ್ಟ ಕಂಪನಿಗಳು ಎದ್ದುಬಂದವು. ಪಿಕಪ್, ಬ್ರಿಡ್ಜ್, ಗುಂಡಿಗಳ ಜೊತೆ ಐದು ಕಚ್ಚಿನ ಸ್ವಿಚ್ಚೂ ಅವರ ಅಂಗಡಿಗಳಲ್ಲಿ ಸಿಗತೊಡಗಿತು. ಕೊಂಡವರು ಮನೆಯಲ್ಲೇ ಫಲಕ ಬಿಚ್ಚಿ ಬೆಸೆದುಕೊಂಡರು. ತನ್ನ ಗಿಟಾರನ್ನು ತನ್ನ ಗಿರಾಕಿಗಳೇ ತಿದ್ದಿಕೊಳ್ಳುತ್ತಿರುವುದನ್ನು ನೋಡುತ್ತ ಎಷ್ಟು ದಿನ ಕೂರುವುದು? 1977ರಲ್ಲಿ ಫೆಂಡರ್ ಕಂಪನಿ ಐದು ಸ್ಥಾನದ ಸ್ವಿಚ್ಚನ್ನು ಸ್ಟ್ರಾಟೊಕಾಸ್ಟರಿನಲ್ಲಿ ಖಾಯಂ ಮಾಡಿತು. ಸಿಬಿಎಸ್ ಕಾಲದ ಗಿಟಾರುಗಳೆಂದರೆ ಹಳಬರು ಈಗಲೂ ಮುಖ ಸಿಂಡರಿಸುತ್ತಾರೆ. ಭಾರ ಹೆಚ್ಚು, ಕೆಲಸ ಒರಟು ಎಂಬ ಆಕ್ಷೇಪದಲ್ಲಿ ಸುಳ್ಳೇನಿಲ್ಲ. ಆದರೆ ಇವತ್ತು ಜಗತ್ತಿನಲ್ಲಿ ತಯಾರಾಗುವ ಹೆಚ್ಚುಕಡಿಮೆ ಪ್ರತಿ ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರಿನಲ್ಲೂ ಇರುವ ಸ್ವಿಚ್ಚು ಆ ಹೀಗಳೆದ ಕಾಲದ ಕೊಡುಗೆ ಎಂಬುದನ್ನು ಅವರು ಹೇಳುವುದು ಕಡಿಮೆ.

ಮರುವರ್ಷವೇ, 1978ರಲ್ಲಿ, ಡೈರ್ ಸ್ಟ್ರೇಟ್ಸ್ ತಂಡದ ಸುಲ್ತಾನ್ಸ್ ಆಫ್ ಸ್ವಿಂಗ್ ಬಂತು. ಈ ನಾದ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಈಗಲೂ ಮೊದಲು ಹಾಕಿ ತೋರಿಸುವ ಹಾಡು ಅದು: ಮಾರ್ಕ್ ನಾಫ್ಲರ್ ಅವರ ಬೆರಳು, ಕುದುರೆಯ ಹಾಗೂ ನಡುವಿನ ಪಿಕಪ್‌ಗಳ ಬೆರಕೆ. ಕಾರ್ಖಾನೆ ಅಧಿಕೃತ ಕಚ್ಚು ಕೊರೆದಾಗಿತ್ತು, ನಾಫ್ಲರ್ ಕೈಲಿದ್ದದ್ದು ಮಾತ್ರ 1960ರ ದಶಕದ ಆರಂಭದ ಕೆಂಪು ಗಿಟಾರು. ಅದರ ಮೂರು ಸ್ಥಾನದ ಸ್ವಿಚ್ಚನ್ನು ಏನನ್ನೋ ಸಿಕ್ಕಿಸಿ ನಡುವೆ ನಿಲ್ಲಿಸಿಕೊಂಡಿದ್ದರು ಎಂದು ಹೇಳುವುದುಂಟು.

ಒಮ್ಮೆ ಮಾನ್ಯತೆ ಸಿಕ್ಕಿದ ಮೇಲೆ ಕಾರ್ಖಾನೆಗಳೂ ಉತ್ಸಾಹ ತೋರಿಸಿದವು. ಒಂದೇ ಸುರುಳಿಯ ಪಿಕಪ್‌ಗಳಿಗೆ ಒಂದು ಹುಟ್ಟುರೋಗವಿದೆ. ಗೋಡೆಯೊಳಗಿನ ವಿದ್ಯುತ್ ವೈರು, ಟ್ಯೂಬ್‌ಲೈಟಿನ ಚೋಕು, ಎಲ್ಲದರ ಗುಂಯ್ ಎಂಬ ಸದ್ದನ್ನೂ ಹೀರಿಕೊಳ್ಳುತ್ತವೆ. ನಡುವಿನ ಪಿಕಪ್ಪಿನ ಸುರುಳಿಯನ್ನೂ ಅಯಸ್ಕಾಂತವನ್ನೂ ಎರಡನ್ನೂ ತಿರುಗುಮುರುಗು ಮಾಡಿದರೆ, ಬೆರಕೆಯ ಎರಡು ಸ್ಥಾನಗಳಲ್ಲಿ ಗಿಟಾರಿನ ನಾದ ಹಾಗೇ ಉಳಿದು ಗುಂಯ್ ಸದ್ದು ಮಾತ್ರ ಅಳಿಯುತ್ತದೆ. ಮುಂದೆ ಇದೂ ರೂಢಿಯಾಯಿತು. ಬೆಂಕಿಕಡ್ಡಿಯ ಮೇಲೆ ನಿಂತಿದ್ದ ಸ್ಥಾನಗಳು ಈಗ ಇಡೀ ಗಿಟಾರಿನಲ್ಲೇ ಅತಿ ನಿಶ್ಶಬ್ದದ ಸ್ಥಾನಗಳಾದವು.

ಈ ಗೆಲುವಿಗೆ ಬೆಲೆ ತೆತ್ತದ್ದು ಹಳೆಯ ಗಿಟಾರುಗಳು. 1970 ಮತ್ತು 80ರ ದಶಕಗಳಲ್ಲಿ ಎಷ್ಟೋ ಜನ ತಮ್ಮ 1950ರ, 60ರ ಗಿಟಾರುಗಳ ಮೂರು ಸ್ಥಾನದ ಸ್ವಿಚ್ಚನ್ನು ಕಿತ್ತು ಐದರದ್ದು ಹಾಕಿಕೊಂಡರು. ತಪ್ಪೇನೂ ಅಲ್ಲ, ಅವರಿಗೆ ಅದು ಹಳೆ ಗಿಟಾರಷ್ಟೇ, ಇನ್ನೂ ಪುರಾತನ ವಸ್ತುವಾಗಿರಲಿಲ್ಲ. ಕಿತ್ತ ಸ್ವಿಚ್ಚು ಕಸದ ಬುಟ್ಟಿಗೆ ಹೋಯಿತು. ಆಮೇಲೆ ಆ ಗಿಟಾರುಗಳ ಬೆಲೆ ಆಕಾಶಕ್ಕೇರಿ, ಬದಲಾಗದ ಭಾಗಗಳಿಗೆ ಹಣ ಎಂಬ ಮಾರುಕಟ್ಟೆ ಬೆಳೆದಾಗ, ಬಿಸಾಡಿದ್ದ ಸಿಆರ್‌ಎಲ್ ಸ್ವಿಚ್ಚನ್ನು ಜನ ಹುಡುಕಿಕೊಂಡು ಬಂದರು. ಕೊಳ್ಳುವವರು ಸ್ವಿಚ್ಚಿನ ಮೇಲೆ ಒತ್ತಿದ ಪೇಟೆಂಟ್ ಸಂಖ್ಯೆಗಳನ್ನು ಭೂತಗನ್ನಡಿ ಹಿಡಿದು ಓದುತ್ತಾರೆ. ಬೆಸುಗೆಯ ಹೊಳಪನ್ನು ನೋಡುತ್ತಾರೆ. ಒಮ್ಮೆ ಕರಗಿಸಿ ಮತ್ತೆ ಬೆಸೆದದ್ದು ಪಳಗಿದ ಕಣ್ಣಿಗೆ ಗೊತ್ತಾಗುತ್ತದೆ.

ಈ ಹುಚ್ಚಿನಲ್ಲಿ ನಗೆಪಾಟಲಿನ ಅಂಶ ಇದ್ದೇ ಇದೆ. 2019ರಲ್ಲಿ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ತಮ್ಮ ಕಪ್ಪು ಸ್ಟ್ರಾಟೊಕಾಸ್ಟರನ್ನು ಹರಾಜಿಗಿಟ್ಟಾಗ ಅದು 39 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ಕುತ್ತಿಗೆಯನ್ನು ಹಲವು ಸಲ ಬದಲಿಸಿದ, ಮೈಗೆ ತೂತು ಕೊರೆದು ಮುಚ್ಚಿದ, ಹೆಚ್ಚಿನ ಸಣ್ಣ ಸ್ವಿಚ್ಚೊಂದನ್ನು ಸೇರಿಸಿದ ಗಿಟಾರದು. ಕ್ಲಾಪ್ಟನ್ ಅವರ ಬ್ಲ್ಯಾಕಿಯಂತೂ ಮೂರು ಹಳೆ ಗಿಟಾರುಗಳ ಭಾಗ ಸೇರಿಸಿ ಕಟ್ಟಿದ್ದು. 2004ರ ಹರಾಜಿನಲ್ಲಿ ಅದಕ್ಕೆ 9,59,500 ಡಾಲರ್. ಹೆಸರಾಂತರು ಮುಟ್ಟಿ ಬದಲಿಸಿದರೆ ಅದು ಚರಿತ್ರೆ, ಹೆಸರಿಲ್ಲದವರು ಬದಲಿಸಿದರೆ ಅದು ಹಾನಿ.

ಆದರೆ ಬೆಸುಗೆಯನ್ನು ಮುಟ್ಟಬೇಡಿ ಎನ್ನುವವರ ಬಳಿ ಹಣದಾಚೆಗೂ ಒಂದು ಕಾರಣವಿದೆ, ಅದನ್ನು ನಕ್ಕು ತಳ್ಳಿಹಾಕಲಾಗದು. ಫುಲರ್ಟನ್ ಕಾರ್ಖಾನೆಯಲ್ಲಿ ಸುರುಳಿ ಸುತ್ತುವ, ವೈರು ಬೆಸೆಯುವ ಕೆಲಸ ಬಹುಪಾಲು ಹೆಂಗಸರದ್ದು. 1956ರಲ್ಲಿ ಸೇರಿದ ಅಬಿಗೈಲ್ ಇಬಾರಾ 2013ರಲ್ಲಿ ನಿವೃತ್ತರಾಗುವವರೆಗೆ ಫೆಂಡರ್ ಪಿಕಪ್‌ಗಳನ್ನು ಸುತ್ತಿದರು. ಕೊನೆಕೊನೆಗೆ ಅವರ ಸಹಿಯಿದ್ದ ಪಿಕಪ್‌ಗಳಿಗಾಗಿ ಜನ ಕಾಯುತ್ತಿದ್ದರು. ಉಳಿದವರಿಗೆ ಆ ಭಾಗ್ಯ ಬರಲಿಲ್ಲ. 1950ರ ದಶಕದ ನಡುವಿನ ಕೆಲವು ಸ್ಟ್ರಾಟೊಕಾಸ್ಟರುಗಳ ಫಲಕ ಬಿಚ್ಚಿದರೆ ಒಳಗಿನ ಮರದ ಗೂಡಿನಲ್ಲಿ ಒಂದು ತುಂಡು ಕಾಗದದ ಟೇಪು ಅಂಟಿಕೊಂಡಿರುತ್ತದೆ. ಅದರ ಮೇಲೆ ಪೆನ್ಸಿಲಿನಿಂದ ಬರೆದ ತಾರೀಖು, ಮೇರಿ ಎಂದೋ ಗ್ಲೋರಿಯಾ ಎಂದೋ ಒಂದು ಹೆಸರು. ವೈರಿಂಗ್ ಕೆಲಸ ಮುಗಿಸಿದವರ ಗುರುತು. ಕಪ್ಪು ಬಿಳುಪಿನ ಬಟ್ಟೆಹೊದಿಕೆಯ ವೈರುಗಳನ್ನು ಸ್ವಿಚ್ಚಿನ ಕಿವಿಗೆ ಬೆಸೆದ ಆ ಮಣಿಗಳಿಗಿಂತ ಹೆಚ್ಚಿನ ಹಸ್ತಾಕ್ಷರವನ್ನು ಅವರು ಬಿಟ್ಟುಹೋಗಿಲ್ಲ. ಸ್ವಿಚ್ ಬದಲಿಸುವುದೆಂದರೆ ಅದನ್ನು ಕರಗಿಸುವುದು.

ಹಾಗೆಂದು ಕೆಟ್ಟ ಸ್ವಿಚ್ಚನ್ನು ಇಟ್ಟುಕೊಂಡು ನುಡಿಸುವುದು ಹೇಗೆ? ಗಿಟಾರು ಇರುವುದು ನುಡಿಸುವುದಕ್ಕೆ. ನಾಲಿಗೆಗಳಿಗೆ ಬೆಳ್ಳಿಯ ಲೇಪವಿರುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಹಬ್ಬದ ಮುನ್ನಾದಿನ ವಿಭೂತಿ ಹಚ್ಚಿ ದೀಪ ತಿಕ್ಕುವ ಮನೆಯವರಿಗೆ ಇದು ಗೊತ್ತಿರುವ ಸಂಗತಿ. ಮುಂಬೈ, ಚೆನ್ನೈಗಳ ಕಡಲ ಗಾಳಿಯಲ್ಲಂತೂ ತಿಕ್ಕಿ ಪೂರೈಸುವುದಿಲ್ಲ. ಕಪ್ಪಾದ ನಾಲಿಗೆಯ ಮೇಲೆ ಸನ್ನೆ ಜಾರಿದಾಗ ಸ್ಪೀಕರಿನಲ್ಲಿ ಕರಕರ ಸದ್ದು, ಒಮ್ಮೊಮ್ಮೆ ಒಂದು ಪಿಕಪ್ಪೇ ಮೂಕ. ಬಲ್ಲ ರಿಪೇರಿಯವರು ಮೊದಲು ಸ್ವಿಚ್ಚನ್ನು ಕೀಳುವುದಿಲ್ಲ. ಸಂಪರ್ಕ ಶುಚಿಗೊಳಿಸುವ ದ್ರವವನ್ನು ಎರಡು ಹನಿ ಬಿಟ್ಟು ಸನ್ನೆಯನ್ನು ಹತ್ತಿಪ್ಪತ್ತು ಸಲ ಅತ್ತಿತ್ತ ಆಡಿಸುತ್ತಾರೆ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ನಾಲಿಗೆ ಸವೆದು ಒತ್ತಡ ಕಳೆದುಕೊಂಡಿದ್ದರೆ, ಸ್ಪ್ರಿಂಗ್ ಮುರಿದಿದ್ದರೆ ಮಾತ್ರ ಬದಲಿಸುವುದು.

ಫೆಂಡರ್ ಕಂಪನಿ ಈ ಇಕ್ಕಟ್ಟಿಗೆ ಕಂಡುಕೊಂಡ ಉಪಾಯ ಸ್ವಾರಸ್ಯದ್ದು. 1982ರಿಂದ ಅದು 1957 ಮತ್ತು 1962ರ ಮಾದರಿಗಳನ್ನು ಯಥಾವತ್ತಾಗಿ ಮತ್ತೆ ತಯಾರಿಸತೊಡಗಿತು. ಯಥಾವತ್ತು ಎಂದ ಮೇಲೆ ಸ್ವಿಚ್ಚೂ ಮೂರು ಸ್ಥಾನದ್ದೇ ಆಗಬೇಕು. ಆದರೆ ಕೊಳ್ಳುವವರಿಗೆ ಆ ಬೆರಕೆ ನಾದವೂ ಬೇಕು. ಹಾಗಾಗಿ ಗಿಟಾರಿನಲ್ಲಿ ಮೂರರದ್ದನ್ನು ಜೋಡಿಸಿ, ಐದರ ಸ್ವಿಚ್ಚನ್ನು ಪೆಟ್ಟಿಗೆಯಲ್ಲಿ ಪ್ರತ್ಯೇಕವಾಗಿ ಇಟ್ಟು ಕೊಟ್ಟದ್ದುಂಟು. ಬೇಕಾದರೆ ನೀವೇ ಹಾಕಿಸಿಕೊಳ್ಳಿ ಎಂದು.

ಲಿಯೊ ಫೆಂಡರ್ ಅಷ್ಟರಲ್ಲಿ ಅದೇ ಫುಲರ್ಟನ್ನಿನಲ್ಲಿ ಜಿ ಆಂಡ್ ಎಲ್ ಎಂಬ ಬೇರೆ ಕಂಪನಿ ಕಟ್ಟಿದ್ದರು. 1991ರಲ್ಲಿ ಸಾಯುವವರೆಗೂ ಅಲ್ಲಿನ ಕೆಲಸದ ಮೇಜು ಬಿಡಲಿಲ್ಲ. 1980ರ ದಶಕದಲ್ಲಿ ಅಲ್ಲಿಂದ ಬಂದ ಎಸ್ 500 ಎಂಬ ಗಿಟಾರಿನಲ್ಲಿ ಮೂರು ಪಿಕಪ್, ಐದು ಸ್ಥಾನದ ಸ್ವಿಚ್ಚು. ಅದು ಸಾಲದೆಂಬಂತೆ ಪಕ್ಕದಲ್ಲಿ ಒಂದು ಪುಟಾಣಿ ಸ್ವಿಚ್ಚು, ಐದರಲ್ಲೂ ಸಿಗದ ಬೆರಕೆಗಳಿಗಾಗಿ.

ಹಳೆಯ ಗಿಟಾರಿನ ಸ್ವಿಚ್ಚು ಬದಲಿಸಲೇಬೇಕಾಗಿ ಬಂದಾಗ ಒಳ್ಳೆಯ ರಿಪೇರಿಯವರು ತೆಗೆದದ್ದನ್ನು ಎಸೆಯುವುದಿಲ್ಲ. ಒಂದು ಲಕೋಟೆಯಲ್ಲಿ ಹಾಕಿ, ತಾರೀಖು ಬರೆದು, ಗಿಟಾರಿನ ಪೆಟ್ಟಿಗೆಯಲ್ಲಿ ಇಟ್ಟು ಮಾಲೀಕರ ಕೈಗೆ ಕೊಡುತ್ತಾರೆ. ಎಂಟು ಕಿವಿಗಳ ಮೇಲೆ ಹಳೆಯ ಬೆಸುಗೆಯ ಚೂರು ಹಾಗೇ ಅಂಟಿಕೊಂಡಿರುತ್ತದೆ.